ಸ್ವಂತ ಮನೆಯಲ್ಲಿ ಸೊಪ್ಪು ಬೇಯಿಸುವವನು

ನಾಲ್ಕನೇ ಮಹಡಿಗೆ ಹಸು ಹತ್ತುವುದಿಲ್ಲ. ಲಿಫ್ಟಿಗೆ ಸೆಕ್ಯೂರಿಟಿಯವನು ಬಿಡುವುದಿಲ್ಲ. ಹಾಗಾಗಿ ಈಗೀಗ ಗೋಪೂಜೆಯನ್ನು ಕೆಳಗೆ ಪಾರ್ಕಿಂಗ್‌ನಲ್ಲೇ ಮುಗಿಸಿ, ಅಂಗೈಯಗಲದ ಬೆಳ್ಳಿ ಗೋವನ್ನು ತಟ್ಟೆಯಲ್ಲಿಟ್ಟು ಮೇಲಕ್ಕೆ ಒಯ್ಯುತ್ತೇವೆ. ಮೂವತ್ತು ವರ್ಷದಿಂದ ಬೆಂಗಳೂರಿನಲ್ಲಿ ಪೌರೋಹಿತ್ಯ ನನ್ನದು. ಎಷ್ಟೋ ಮನೆಗಳಲ್ಲಿ ಹಾಲು ಉಕ್ಕಿಸಿದ್ದೇನೆ. ನಾನಿರುವುದು ಬಾಡಿಗೆ ಮನೆ, ಲೆಕ್ಕ ಹಾಕಿದರೆ ಏಳನೆಯದು. ಸಂಬಳದ ಚೀಟಿ ಇಲ್ಲದವನಿಗೆ ಗೃಹಸಾಲ ಕಷ್ಟ ಎಂದು ಬ್ಯಾಂಕಿನ ಒಬ್ಬ ಅಧಿಕಾರಿ ಬಹಳ ಮರ್ಯಾದೆಯಿಂದಲೇ ಹೇಳಿ ಕಳಿಸಿದ್ದರು. ಅವರ ಮನೆಯ ವಾಸ್ತುಹೋಮ ಮಾಡಿಸಿದವನೂ ನಾನೇ.

ಕಳೆದ ಮಾಘದಲ್ಲಿ ಚಂದಾಪುರದ ಕಡೆ ಒಂದು ಫ್ಲ್ಯಾಟಿನ ಗೃಹಪ್ರವೇಶ. ಯಜಮಾನ ಪೀಣ್ಯದಲ್ಲಿ ಫಿಟ್ಟರ್, ಮದ್ದೂರಿನ ಕಡೆಯವನು. ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಇಬ್ಬರ ಸಂಬಳ ಸೇರಿ ತಿಂಗಳಿಗೆ 68,000. ಫ್ಲ್ಯಾಟಿಗೆ 52 ಲಕ್ಷ. 12 ಲಕ್ಷವನ್ನು ಪಿಎಫ್, ಚೀಟಿ, ಆಕೆಯ ಒಡವೆಗಳಿಂದ ಹೊಂದಿಸಿದ್ದರು. ಮಿಕ್ಕ 40 ಲಕ್ಷ ಸಾಲ, ಶೇ. 8.5ರ ಬಡ್ಡಿಗೆ, 20 ವರ್ಷಕ್ಕೆ. 2025ರ ಆಗಸ್ಟ್ ಕೊನೆಯಲ್ಲಿ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿತ್ತಲ್ಲ, ಅದೊಂದರಿಂದಲೇ 52,000 ಹೆಚ್ಚಿಗೆ ಬಿತ್ತಂತೆ. 'ಉಳಿದಿದ್ದ ಎರಡು ಬಳೆನೂ ಅದಕ್ಕೇ ಹೋಯ್ತು ಅಯ್ನೋರೇ' ಎಂದು ಆಕೆ ನಕ್ಕಳು.

ಹೋಮಕುಂಡಕ್ಕೆ ಇಟ್ಟಿಗೆ ಜೋಡಿಸುತ್ತಾ ಲೆಕ್ಕ ಕೇಳಿದೆ. ತಿಂಗಳ ಕಂತು 34,700 ಚಿಲ್ಲರೆ. ಮೊದಲ ಕಂತಿನಲ್ಲಿ 28,000ಕ್ಕೂ ಹೆಚ್ಚು ಬಡ್ಡಿಗೇ ಹೋಗಿ, ಅಸಲಿಗೆ ಸಲ್ಲುವುದು 6,400 ಆಸುಪಾಸು. ಇಪ್ಪತ್ತು ವರ್ಷ ಮುಗಿಯುವಷ್ಟರಲ್ಲಿ ಕಟ್ಟಿರುವುದು 83 ಲಕ್ಷಕ್ಕೂ ಮೇಲೆ. ಅವನಿಗೀಗ ನಲವತ್ತೊಂದು. ಸಂಕಲ್ಪ ಹೇಳಿಸುವಾಗ ಅವನ ಗೋತ್ರ, ನಕ್ಷತ್ರ ಕೇಳಿದೆ. ಬ್ಯಾಂಕಿನ ಗೋತ್ರವನ್ನೂ ಕೇಳಬೇಕಿತ್ತೇನೋ.

ಊಟದ ಹೊತ್ತಿಗೆ ಅವನ ಸಂಬಂಧಿಕರೊಬ್ಬರು, ನಗರದೊಳಗೆ ಅರವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಕೊಂಡವರು, ಆಸೆಯೇ ದುಃಖಕ್ಕೆ ಮೂಲ, ಬಾಡಿಗೆ ಮನೆಯಲ್ಲೇ ತೃಪ್ತಿಯಾಗಿ ಇರಬಹುದಿತ್ತು ಎಂದು ಉಪದೇಶಕ್ಕೆ ತೊಡಗಿದರು. 'ಅಲ್ಲವೇ ಸ್ವಾಮಿಗಳೇ?' ಎಂದು ನನ್ನ ಕಡೆ ತಿರುಗಿದರು. ನಾನು ಹೋಳಿಗೆಯ ಕಡೆ ನೋಡಿದೆ. ಅವತ್ತು ಆಡದ ಮಾತು ಇವತ್ತಿಗೂ ಗಂಟಲಲ್ಲಿದೆ.

ಮಳೆಗಾಲದ ಚಾತುರ್ಮಾಸ್ಯ ಬಿಟ್ಟರೆ ಒಂದೆಡೆ ನೆಲೆ ನಿಲ್ಲಬಾರದೆಂಬ ನಿಯಮ ಇರುವುದು ಸನ್ಯಾಸಿಗೆ. ಗೃಹಸ್ಥನ ಹೆಸರಿನಲ್ಲೇ ಗೃಹವಿದೆ. ಉಳಿದ ಮೂರು ಆಶ್ರಮಗಳಿಗೂ ಅನ್ನ ಹಾಕುವವನು ಅವನು, ಅವನಿಗೊಂದು ಒಲೆ ಬೇಕು. ಯತಿಯ ಧರ್ಮವನ್ನು ಫಿಟ್ಟರನ ತಲೆಗೆ ಕಟ್ಟಿ, ಅವನ ಕೈಗೆಟುಕದ ಬೆಲೆಗೆ ವೈರಾಗ್ಯದ ಹೆಸರಿಡುವುದು ನನ್ನ ಮಟ್ಟಿಗೆ ಅಧರ್ಮ.

ಮಹಾಭಾರತದ ಅರಣ್ಯಪರ್ವದಲ್ಲಿ ಯಕ್ಷ ಧರ್ಮರಾಯನನ್ನು ಕೇಳುತ್ತಾನೆ: ಸುಖಿ ಯಾರು? ಐದನೆಯ ದಿನವೋ ಆರನೆಯ ದಿನವೋ ಆಗಲಿ, ತನ್ನ ಮನೆಯಲ್ಲಿ ಒಂದಿಷ್ಟು ಸೊಪ್ಪು ಬೇಯಿಸಿಕೊಳ್ಳುವವನು, ಸಾಲವಿಲ್ಲದವನು, ಊರು ಬಿಟ್ಟು ಅಲೆಯಬೇಕಿಲ್ಲದ 'ಅಪ್ರವಾಸಿ' ಎಂಬ ಅರ್ಥದ ಉತ್ತರ ಬರುತ್ತದೆ. ಹೇಳಿದವನು ಮನೆ, ರಾಜ್ಯ ಎಲ್ಲವನ್ನೂ ಪಗಡೆಯಲ್ಲಿ ಸೋತು ಹನ್ನೆರಡು ವರ್ಷ ಕಾಡಿನಲ್ಲಿದ್ದವನು. ಮುಂದೆ ವಿರಾಟನ ಮನೆಯಲ್ಲಿ ಸುಳ್ಳು ಹೆಸರು ಹೇಳಿಕೊಂಡು ಒಂದು ವರ್ಷ ತಲೆಮರೆಸಿಕೊಳ್ಳಬೇಕಾದವನು. ಕಳೆದುಕೊಂಡದ್ದರ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಈ ಶ್ಲೋಕವನ್ನು ಸರಳ ಜೀವನದ ಹೊಗಳಿಕೆಯೆಂದು ನಾನೂ ಬಹಳ ಕಾಲ ಹೇಳುತ್ತಿದ್ದೆ. ಈಗ ಹಾಗನ್ನಿಸುವುದಿಲ್ಲ. ಅದು ಸುಖದ ಕನಿಷ್ಠ ಮಟ್ಟ. ಊಟದಲ್ಲಿ ಎಷ್ಟು ಬೇಕಾದರೂ ಕಡಿಮೆ ಮಾಡಿಕೊ, ಮನೆ, ಋಣವಿಲ್ಲದಿರುವುದು, ನೆಲೆ, ಈ ಮೂರರಲ್ಲಿ ಕಡಿಮೆ ಮಾಡಿಕೊಳ್ಳಬೇಡ ಎನ್ನುತ್ತಿದ್ದಾನೆ ಧರ್ಮರಾಯ. ದುಡಿದು ತಿನ್ನುವವನಿಗೆ ಬೆಂಗಳೂರು ಮೂರನ್ನೂ ಒಟ್ಟಿಗೆ ಕೊಡುವುದಿಲ್ಲ. ಮನೆ ಬೇಕೆಂದರೆ ಸಾಲ. ಸಾಲ ತಡೆದುಕೊಳ್ಳುವಷ್ಟಿರಬೇಕೆಂದರೆ ಚಂದಾಪುರ. ಅಲ್ಲಿಂದ ಪೀಣ್ಯಕ್ಕೆ ಬೊಮ್ಮಸಂದ್ರದಲ್ಲಿ ಹಳದಿ ಮೆಟ್ರೋ ಹತ್ತಿ, ಆರ್‌.ವಿ. ರೋಡಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಮನೆ ಬಾಗಿಲಿಂದ ಫ್ಯಾಕ್ಟರಿ ಗೇಟಿಗೆ ಎರಡು ಗಂಟೆ. ದಿನಕ್ಕೆ ನಾಲ್ಕು ಗಂಟೆ ದಾರಿಯಲ್ಲೇ ಕಳೆಯುವವನನ್ನು ಪ್ರವಾಸಿ ಎನ್ನದೆ ಇನ್ನೇನನ್ನೋಣ? ನನಗಾದರೋ ಸಾಲವಿಲ್ಲ. ಮನೆಯೂ ಇಲ್ಲ, ತೀರ್ಥಹಳ್ಳಿ ಬಿಟ್ಟು ಬಂದವನಾದ್ದರಿಂದ ನೆಲೆಯೂ ಅಷ್ಟಕ್ಕಷ್ಟೇ.

ಹಾಗಾದರೆ 'ತನ್ನ ಮನೆ' ಎಂದರೆ ಯಾವುದು? ಕ್ರಯಪತ್ರವೇ ಸ್ವಂತಿಕೆಯಾದರೆ, ಆ ಫಿಟ್ಟರನ ಕ್ರಯಪತ್ರ ಇಪ್ಪತ್ತು ವರ್ಷ ಬ್ಯಾಂಕಿನ ಕಪಾಟಿನಲ್ಲಿರುತ್ತದೆ. ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿದಾಗ ಮಾಲೀಕರ ಮುಖ ನೋಡಬೇಕಿಲ್ಲದ ಜಾಗವೇ ತನ್ನ ಮನೆ ಎಂದು ನಾನು ಅರ್ಥ ಹೇಳಿಕೊಂಡಿದ್ದೆ. ಅವನೊಂದು ಮಾತು ಹೇಳಿದ ಮೇಲೆ ಅದೂ ಸಾಲದೆನಿಸಿತು. ಮೊದಲು ಬಾಡಿಗೆಗೆ ಹುಡುಕುವಾಗ 'ಊಟದಲ್ಲಿ ನೀವು ಏನು?' ಎಂದು ಕೇಳಿ ಹನ್ನೊಂದು ಮನೆಯವರು ಬಾಗಿಲಲ್ಲೇ ಕಳಿಸಿದ್ದರಂತೆ. ನನಗೆ ಜುಟ್ಟು ನೋಡಿಯೇ ಮನೆ ಕೊಡುತ್ತಾರೆ. ಅಡ್ವಾನ್ಸಿನಲ್ಲೂ ಸ್ವಲ್ಪ ಬಿಡುತ್ತಾರೆ. ಅದನ್ನು ನಾನು ದೈವಕೃಪೆ ಎಂದುಕೊಂಡಿದ್ದೆ. ಒಲೆಯ ಮೇಲೆ ಏನಿಟ್ಟಿದ್ದೀ ಎಂದು ಯಾರೂ ಕೇಳದ ಜಾಗಕ್ಕಾಗಿ ಅವನು 83 ಲಕ್ಷ ಕಟ್ಟುತ್ತಾನೆ. ಅದನ್ನು ಲೋಭ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆ ಬೆಲೆ ನ್ಯಾಯವಾದದ್ದು ಎನ್ನಲೂ ಬರುವುದಿಲ್ಲ.

ಹೊರಡುವಾಗ ಅವನು ಲಿಫ್ಟಿನ ತನಕ ಬಂದ. ತೆಂಗಿನಕಾಯಿಯ ಚೀಲ ಕೈಗೆ ಕೊಟ್ಟು, ಹೆಂಡತಿಗೆ ಕೇಳಿಸದ ಹಾಗೆ, 'ಸಾಲ ತೀರೋಕೆ ಏನಾದ್ರೂ ಮಂತ್ರ ಐತಾ ಅಯ್ನೋರೇ?' ಎಂದ. ಋಣವಿಮೋಚನ ನೃಸಿಂಹ ಸ್ತೋತ್ರ ಇದೆ, ಬರೆದು ಕಳಿಸುತ್ತೇನೆ ಎಂದೆ.

'ಎಷ್ಟು ದಿನ ಹೇಳ್ಬೇಕು?'

ಯಾರಿಗಾದರೂ ನಲವತ್ತೆಂಟು ದಿನ, ಒಂದು ಮಂಡಲ ಎನ್ನುವವನು ನಾನು. ಅವತ್ತು ಲಿಫ್ಟು ಬರುವವರೆಗೂ ಸುಮ್ಮನೆ ನಿಂತಿದ್ದೆ.