ದಣಿವು ಯಾರಿಗೆ ಸಲ್ಲುತ್ತದೆ?

ಉಗಾದಿ ಹತ್ತಿರ ಬಂತೆಂದರೆ ನಮ್ಮ ಬಂಡೂರಿನಲ್ಲಿ ಮಾದಪ್ಪನ ಬೆಟ್ಟದ ಮಾತು ಶುರುವಾಗುತ್ತದೆ. ಈ ಸಲ ಯಾರ್ಯಾರು ಪರಸೆ ಹೊರಡುತ್ತಾರೆ, ಯಾರ ಮನೆಯ ಮಗುವಿನ ಮುಡಿ ಬಾಕಿಯಿದೆ, ನಡೆದು ಹೋಗುವವರೆಷ್ಟು, ಬಸ್ಸಿಗೆ ಹೋಗುವವರೆಷ್ಟು. ಅದರ ಬೆನ್ನಿಗೇ ಒಂದು ವಾದವೂ ಏಳುತ್ತದೆ. ಕೊಳ್ಳೇಗಾಲದಿಂದ ಗುಡಿಯ ಬಾಗಿಲವರೆಗೂ ಬಸ್ಸಿರುವಾಗ, ಉರಿಬಿಸಿಲಲ್ಲಿ ಅಂಗಾಲು ಬೊಬ್ಬೆ ಎಬ್ಬಿಸಿಕೊಂಡು ನಡೆಯುವುದರಲ್ಲಿ ಏನಿದೆ? ನಮ್ಮ ಚಿಕ್ಕಪ್ಪನದು ಖಡಾಖಂಡಿತ ಮಾತು: "ಕಷ್ಟ ಪಡ್ದೆ ಹೋದ್ರೆ ಅದು ಟೂರು ಕಣಪ್ಪಾ, ಪರಸೆ ಅಲ್ಲ." ಮಂಡಿ ಸವೆದು ಈಗ ಬಸ್ಸಿನಲ್ಲೇ ಹೋಗಬೇಕಾದ ನನ್ನವ್ವ ಈ ಮಾತು ಕೇಳಿದಾಗಲೆಲ್ಲ ಎದ್ದು ಒಳಗೆ ಹೋಗುತ್ತಾಳೆ. ಅವಳು ಹಾಗೆ ಎದ್ದು ಹೋಗುವುದನ್ನು ನೋಡಲಾರದೆ ನಾನು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡೆ. ಮೈಯ ದಣಿವು ದೇವರಿಗೆ ಸಲ್ಲುತ್ತದೆಯೇ? ಸಲ್ಲುವುದಾದರೆ, ದಣಿಯಲಾರದವರ ಪಾಡೇನು?

ಚಿಕ್ಕಪ್ಪನ ಮಾತಿನ ಹಿಂದಿರುವುದು ಹರಕೆಯ ಲೆಕ್ಕ. ಮಗುವಿಗೆ ಜ್ವರ ಇಳಿಯಲಿ, ನಡೆದು ಬರುತ್ತೇನೆ. ಬೋರ್‌ವೆಲ್‌ನಲ್ಲಿ ನೀರು ಬೀಳಲಿ, ಉರುಳು ಸೇವೆ ಮಾಡುತ್ತೇನೆ. ನನ್ನ ನೋವು ಇಷ್ಟು, ನಿನ್ನ ಕೃಪೆ ಅಷ್ಟು. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೈಯಲ್ಲಿ ಬೇರೇನೂ ಇಲ್ಲದ ಬಡವನಿಗೆ ಮೈಯೊಂದೇ ಸ್ವಂತದ್ದು. ಕೊಡುವುದಿದ್ದರೆ ಅದನ್ನೇ ಕೊಡಬೇಕು. ಆದರೆ ಈ ಲೆಕ್ಕ ಎಲ್ಲಿ ತಾಳೆಯಾಗುವುದಿಲ್ಲ ಎಂಬುದು ನನಗೆ ಸ್ಪಷ್ಟವಾಗಿದ್ದು ನಾಗಮಲೆಗೆ ಹೋದ ದಿನ.

ಮಾದಪ್ಪನ ಗುಡಿ ಇರುವುದು ಬೆಟ್ಟದ ತುದಿಯಲ್ಲಲ್ಲ. ತಾಳುಬೆಟ್ಟದಿಂದ ಮೆಟ್ಟಿಲು ಹತ್ತಿ, ರಂಗಸ್ವಾಮಿ ಒಡ್ಡು ದಾಟಿ, ಸುಮಾರು 3,000 ಅಡಿ ಎತ್ತರಕ್ಕೆ ಬಂದ ಮೇಲೆ ಕಾಣುವುದು ಸುತ್ತ ಮಲೆಗಳು, ನಡುವೆ ಒಂದು ತಗ್ಗು, ಆ ತಗ್ಗಿನಲ್ಲಿ ಗುಡಿ. ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನುಮಲೆ, ಕೊಂಗುಮಲೆ ಎಂದು ಏಳು ಹೆಸರು ಹೇಳುತ್ತಾರೆ. ಹಾಡಿನವರ ಬಾಯಲ್ಲಿ ಅದು ಎಪ್ಪತ್ತೇಳು ಮಲೆ. ತುದಿಯಲ್ಲೇ ದೇವರನ್ನು ಕಾಣಬೇಕೆನ್ನುವವರು ಅಲ್ಲಿಂದ ಇನ್ನೂ 14 ಕಿಲೋಮೀಟರ್ ಆಚೆಯ ನಾಗಮಲೆಗೆ ಹೋಗಬೇಕು. ಒಂದು ದಿನದ ದಾರಿ, ಹೋಗಿ ಬರಲು ಇಡೀ ಹಗಲು ಬೇಕು. ಅರಣ್ಯ ಇಲಾಖೆಯ ಕಟ್ಟುಪಾಡುಗಳಿವೆ, ವಿಚಾರಿಸಿಕೊಂಡೇ ಹೊರಡಬೇಕು. ಬೆಟ್ಟದ ಸುತ್ತಲಿನ 906 ಚದರ ಕಿಲೋಮೀಟರ್ ಕಾಡು 2013ರಿಂದ ವನ್ಯಧಾಮ.

ಅಂತರಗಂಗೆಯಲ್ಲಿ ಮಿಂದು ಬೆಳಕು ಹರಿಯುವ ಮುಂಚೆ ಹೊರಟೆವು. ಇಂಡಿಗನತ್ತದವರೆಗೆ ಜೀಪು ಹೋಗುತ್ತದಾದರೂ ನಾವು ನಡೆದೇ ಹೋದೆವು. ಎಲೆ ಉದುರಿ ನಿಂತ ಕಾಡು, ಒಣಬಿದಿರು, ಕಾಲಿಟ್ಟಲ್ಲೆಲ್ಲ ಸರಸರ ಸದ್ದು. ಹಸಿರಿಲ್ಲದ ಆ ಬೆಟ್ಟದ ಮೈಯಲ್ಲಿ ಅಲ್ಲೊಂದು ಇಲ್ಲೊಂದು ಮುತ್ತುಗ ಮಾತ್ರ ಕೆಂಪಗೆ ಹೂಬಿಟ್ಟಿತ್ತು. ಇಂಡಿಗನತ್ತಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ ಮುಂದೆ ಒಬ್ಬ ಹೆಂಗಸು ತಲೆಯ ಮೇಲೆ ರೇಷನ್ ಅಕ್ಕಿಯ ಚೀಲ ಹೊತ್ತು ಹೋಗುತ್ತಿದ್ದರು. ವಯಸ್ಸು ನನ್ನವ್ವನಿಗಿಂತ ಸ್ವಲ್ಪ ಕಡಿಮೆಯಿದ್ದೀತು. ಚೀಲದ ಕೆಳಗೆ ಸುತ್ತಿದ ಸಿಂಬಿ ಬೆವರಿಗೆ ಒದ್ದೆಯಾಗಿ ಕಪ್ಪಾಗಿತ್ತು. ಒಂದು ಕೈ ಚೀಲಕ್ಕೆ, ಇನ್ನೊಂದು ಕೈ ಸೊಂಟಕ್ಕೆ. ಏರಿನಲ್ಲಿ ಹೆಜ್ಜೆ ಕಿರಿದು ಮಾಡಿ, ಇಳಿಜಾರಿನಲ್ಲಿ ಅಡ್ಡಡ್ಡ ಇಟ್ಟು, ಒಂದೇ ಹದದಲ್ಲಿ ನಡೆಯುತ್ತಿದ್ದರು. ನಾವು ಬರಿಗೈಯಲ್ಲಿದ್ದೂ ಅವರ ಸಮಕ್ಕೆ ನಡೆಯುವುದು ಕಷ್ಟವಾಯಿತು. "ಜೀಪಿಗೆ ಹೋಗ್ಬಹುದಿತ್ತಲ್ಲಕ್ಕಾ" ಎಂದೆ. "ಅಕ್ಕಿ ಪುಕ್ಸಟ್ಟೆ ಕೊಡ್ತಾರೆ, ಜೀಪ್ನವ್ರು ಕೊಡಾಕಿಲ್ವಲ್ಲಪ್ಪಾ" ಎಂದರು. ಒಂದು ಮರದ ಬುಡದಲ್ಲಿ ಚೀಲ ಇಳಿಸಿ ಕುಂತಾಗ ನನ್ನನ್ನು ನೋಡಿ ಕೇಳಿದರು: "ನೀವು ವರ್ಸಕ್ಕೊಂದ್ಸಲ ಹತ್ತೀರಿ, ನಾವು ಹುಟ್ಟಿದಾಗ್ನಿಂದ ಹತ್ತೀವಿ. ನಿಮ್ಗಿಂತ ನಮ್ಗೇನಾರ ಜಾಸ್ತಿ ಕೊಟ್ಟವ್ನಾ ಮಾದಪ್ಪ?"

ಕೊಂಕಿನಿಂದ ಕೇಳಿದ್ದಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನೋವೇ ನಾಣ್ಯವಾಗಿದ್ದರೆ ಈ ಮಲೆಗಳಲ್ಲಿ ಅವರಿಗಿಂತ ಸಿರಿವಂತರಿರಬಾರದಿತ್ತು. ಇಂಡಿಗನತ್ತ, ಮೆಂದಾರೆ, ತೇಕಣೆ ಈ ಊರುಗಳಿಂದ ಕಾಯಿಲೆಯವರನ್ನು ಡೋಲಿ ಕಟ್ಟಿ ಹೊತ್ತು ತಂದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಹೊತ್ತವರ ಹೆಗಲಿನ ನೋವನ್ನು ಯಾವ ಹರಕೆಯ ಪಟ್ಟಿಯಲ್ಲಿ ಬರೆದುಕೊಳ್ಳುವುದು? ಚಿಕ್ಕಪ್ಪನ ಲೆಕ್ಕ ಅಲ್ಲಿಗೇ ಮುರಿದುಬಿತ್ತು.

ಇಂಡಿಗನತ್ತ ದಾಟಿದ ಮೇಲೆ ಏರು. ಮೊದಲು ಮಣ್ಣು, ಆಮೇಲೆ ಜಲ್ಲಿ, ಆಮೇಲೆ ಬರೀ ಬಂಡೆ. ಮಧ್ಯಾಹ್ನದ ಹೊತ್ತಿಗೆ ಬಂಡೆಗೆ ಅಂಗೈ ಊರಿದರೆ ಕಾದ ಕಾವಲಿಗೆ ಊರಿದ ಹಾಗೆ. ಕೊನೆಯ ತುಣುಕಿನಲ್ಲಿ ಕಾಲಷ್ಟೇ ಸಾಲದು. ಕೈಯೂರಿ, ಮಂಡಿಯೂರಿ, ಮುಂದಿದ್ದವರು ಚಾಚಿದ ಟವೆಲ್ಲು ಹಿಡಿದು ಮೈಯನ್ನು ಎಳೆದುಕೊಳ್ಳಬೇಕು. ಆ ಟವೆಲ್ಲಿನ ತುದಿ ಹಿಡಿದಿದ್ದವನು ಯಾವ ಊರಿನವನೋ, ಯಾವ ಕುಲದವನೋ ಕೇಳಿಕೊಳ್ಳಲಿಲ್ಲ. ಅವನು ಎಳೆದ, ನಾನು ಹತ್ತಿದೆ, ನನ್ನ ಹಿಂದಿನವನಿಗೆ ಅದೇ ಟವೆಲ್ಲು ನಾನು ಚಾಚಿದೆ. ಮೇಲೆ ಹೆಡೆಯೆತ್ತಿದ ನಾಗರದಂಥ ಹಾಸುಬಂಡೆ, ಅದರ ನೆರಳಿನಲ್ಲಿ ಲಿಂಗ. ತಮಿಳುನಾಡಿನ ಕಡೆಗೆ ಮಲೆಯ ಹಿಂದೆ ಮಲೆ. ಎಲ್ಲರ ಬಾಯಲ್ಲೂ ಉಘೇ ಉಘೇ.

ದಣಿವಿನ ಈ ಪ್ರಶ್ನೆ ನಮ್ಮದಷ್ಟೇ ಅಲ್ಲ. ಯುರೋಪಿನಲ್ಲಿ ಬೆಟ್ಟ ಹತ್ತುವುದರ ಬಗ್ಗೆ ಯಾರು ಬರೆಯಹೊರಟರೂ ಇಟಲಿಯ ಕವಿ ಪೆಟ್ರಾರ್ಕನಿಂದ ಶುರುಮಾಡುವುದು ರೂಢಿ. 1336ರ ಏಪ್ರಿಲ್ 26ರಂದು ಅವನು ತಮ್ಮನೊಂದಿಗೆ ಫ್ರಾನ್ಸಿನ ವೆಂಟೂ ಬೆಟ್ಟ ಹತ್ತಿದ. ತಮ್ಮ ಕಡಿದಾದ ನೇರ ದಾರಿ ಹಿಡಿದ. ಇವನು ಸುಲಭದ ದಾರಿ ಹುಡುಕುತ್ತ ಮತ್ತೆ ಮತ್ತೆ ಕೆಳಗಿಳಿದು ಬಳಲಿದ. ತುದಿಯಲ್ಲಿ ಸಂತ ಅಗಸ್ಟೀನನ ಪುಸ್ತಕ ತೆರೆದಾಗ, ಮನುಷ್ಯರು ಬೆಟ್ಟ ಕಡಲು ನಕ್ಷತ್ರಗಳನ್ನು ನೋಡಿ ಬೆರಗಾಗುತ್ತಾರೆ, ತಮ್ಮನ್ನೇ ಮರೆಯುತ್ತಾರೆ ಎಂಬರ್ಥದ ಮಾತು ಕಣ್ಣಿಗೆ ಬಿತ್ತು. ಅವನಿಗೆ ತನ್ನ ಮೇಲೇ ಬೇಸರವಾಗಿ, ಇಳಿಯುವಾಗ ಮಾತಾಡಲೇ ಇಲ್ಲ. ಇದು ಅವನೇ ಬರೆದ ಪತ್ರದಲ್ಲಿದೆ. ಆ ಪತ್ರದಲ್ಲಿ ನನಗೆ ಹೆಚ್ಚು ಹಿಡಿಸುವವನು ಬೇರೊಬ್ಬ. ದಾರಿಯಲ್ಲಿ ಒಬ್ಬ ಮುದಿ ಕುರಿಗಾಹಿ ಸಿಗುತ್ತಾನೆ. ಐವತ್ತು ವರ್ಷದ ಹಿಂದೆ ತಾನೂ ಹತ್ತಿದ್ದೆ, ಸಿಕ್ಕಿದ್ದು ನೋವು, ಮುಳ್ಳಿಗೆ ಹರಿದ ಬಟ್ಟೆ ಅಷ್ಟೇ, ಹೋಗಬೇಡಿ ಎನ್ನುತ್ತಾನೆ. ಕೇಳುವುದಿಲ್ಲ ಎಂದು ತಿಳಿದ ಮೇಲೆ ಮುಂದಿನ ದಾರಿ ತೋರಿಸಿಕೊಡುತ್ತಾನೆ. ನಮ್ಮದು ಕುರಿಯ ಊರು. ಬಂಡೂರು ಕುರಿಯೆಂದು ನಾಡೆಲ್ಲ ಹೆಸರಾದ, ಗಿಡ್ಡ ಕಾಲಿನ, ಹಿಂದಿನಿಂದ ನೋಡಿದರೆ ಕಮಾನಿನಂತೆ ತುಂಬಿಕೊಂಡ ತಳಿ ನಮ್ಮ ಹಟ್ಟಿಯಲ್ಲೂ ಇದೆ. ಕುರಿ ಕಾಯುವವನ ಮಾತಿನ ತೂಕ ನನಗೆ ಗೊತ್ತು. ಕವಿ ತುದಿಯಲ್ಲಿ ಪುಸ್ತಕ ತೆರೆದು ಅರಿತುಕೊಂಡದ್ದಕ್ಕಿಂತ, ಒಲ್ಲದ ಮನಸ್ಸಿನಲ್ಲೂ ದಾರಿ ತೋರಿದ ಆ ಮುದುಕನಲ್ಲಿ ಹೆಚ್ಚು ಧರ್ಮವಿದೆ ಎಂದು ನನ್ನ ನಂಬಿಕೆ.

ಹೊರಗಿನ ಬೆಟ್ಟಕ್ಕೂ ತನ್ನ ಒಳಗಿಗೂ ನಡುವೆ ಪೆಟ್ರಾರ್ಕ ಕಂಡ ವಿರೋಧ ನಮ್ಮಲ್ಲಿ ಇನ್ನೂ ಹಳೆಯದು. ಹನ್ನೆರಡನೆಯ ಶತಮಾನದ ಶರಣರು ದೇವರನ್ನು ಅಂಗೈಗೆ ತಂದರು, ದೇಹವನ್ನೇ ದೇಗುಲ ಮಾಡಿದರು. ಮಾದಪ್ಪನ ಪರಂಪರೆ ಅವರ ಬಳಿಯದೇ. ಬೆಟ್ಟದಲ್ಲಿ ಆ ಪರಂಪರೆಯ ಸಾಲೂರು ಮಠವಿದೆ. ದೇವರು ಅಂಗೈಯಲ್ಲಿದ್ದರೆ ಬೆಟ್ಟವೇಕೆ ಎಂದು ಓದಿದ ಹುಡುಗರು ನನ್ನನ್ನು ಕೇಳಿದ್ದುಂಟು. ಕೇಳಬೇಕಾದ ಪ್ರಶ್ನೆ. ಉತ್ತರ ನನಗೆ ಸಿಕ್ಕಿದ್ದು ಶಾಸ್ತ್ರದಲ್ಲಲ್ಲ, ಮಾದಪ್ಪನನ್ನು ಹಾಡುವ ಕಂಸಾಳೆಯವರ ಕಥೆಯಲ್ಲಿ. ಆ ಕಥೆಯಲ್ಲಿ ಮಾದೇಶ್ವರ ಕೂತ ದೇವರಲ್ಲ. ಉತ್ತರದೇಶದಿಂದ ನಡೆದು ಬಂದವನು. ಕುಂತೂರು ಮಠಕ್ಕೆ ಹೋದವನು, ಸುತ್ತೂರು ಮಠದಲ್ಲಿ ರಾಗಿ ಬೀಸಿದವನು. ಸಂಕಮ್ಮನೆಂಬ ಹೆಣ್ಣಿನ ಗುಡಿಸಲ ಮುಂದೆ ಭಿಕ್ಷೆಗೆ ನಿಂತ ಜಂಗಮ. ಗುಡಿ ಕಟ್ಟಿಸಿದ್ದು ಆಮೇಲೆ, ಹಾಲುಮತದ ಜುಂಜೇಗೌಡ. ನಮ್ಮ ಮಳವಳ್ಳಿ ಸೀಮೆಯ ಮಂಟೇಸ್ವಾಮಿಯೂ ಹಾಗೆಯೇ: ಕಲ್ಯಾಣದಿಂದ ನಡೆದು ನಡೆದು ಬೊಪ್ಪೇಗೌಡನಪುರದಲ್ಲಿ ನೆಲೆಯಾದವರು. ಈ ಸೀಮೆಯ ದೊಡ್ಡ ದೇವರುಗಳಿಬ್ಬರೂ ಕಾಲು ನೋಯಿಸಿಕೊಂಡವರು, ಮನೆ ಬಾಗಿಲಲ್ಲಿ ನಿಂತು ಬೇಡಿದವರು.

ಹಾಗಾಗಿ ಪರಸೆ ದೇವರಿಗೆ ತೆರುವ ಬೆಲೆಯಲ್ಲ. ದಣಿದ ದೇವರ ಜೊತೆಗೆ ಒಂದಿಷ್ಟು ದೂರ ನಡೆಯುವುದು. ಜೊತೆ ನಡೆದವನು ಕೂಲಿ ಕೇಳುವುದಿಲ್ಲ. ಬಾಯಾರಿದಾಗ ಬೇಡಬೇಕು, ಬಂಡೆಯ ಮುಂದೆ ಕೈ ಚಾಚಬೇಕು, ಗುರುತಿಲ್ಲದವನ ಟವೆಲ್ಲು ಹಿಡಿಯಬೇಕು. ಊರಿನಲ್ಲಿ ಗೌಡ, ಮೇಷ್ಟ್ರು, ಮೆಂಬರು ಆಗಿದ್ದವನು ಬೇಡುವವನ ಜಾಗದಲ್ಲಿ ನಿಲ್ಲಬೇಕು. ದಣಿವು ಮಾಡುವ ಕೆಲಸ ಇದು. ಬಸ್ಸಿನ ಸೀಟಿನಲ್ಲಿ ಇದು ಸುಲಭಕ್ಕೆ ಆಗುವುದಿಲ್ಲ ಎಂಬಷ್ಟರ ಮಟ್ಟಿಗೆ ಚಿಕ್ಕಪ್ಪನ ಮಾತು ನಿಜ.

ಆದರೆ ಬೇಡುವವನಿದ್ದರೆ ಕೊಡುವವರೂ ಇರಬೇಕು. ನನ್ನವ್ವ ಮಾಡುವುದು ಅದನ್ನೇ. ಪರಸೆಯವರು ಹೋಗುವ ದಿನಗಳಲ್ಲಿ ಅವಳೂ ಓರಗೆಯ ಹೆಂಗಸರೂ ರಸ್ತೆ ಬದಿ ಚಪ್ಪರದಡಿ ಅರವಟ್ಟಿಗೆ ಇಡುತ್ತಾರೆ. ಶುಂಠಿ, ಕರಿಬೇವು ಜಜ್ಜಿ ಹಾಕಿದ ನೀರುಮಜ್ಜಿಗೆ, ಬೆಲ್ಲದ ಪಾನಕ. ಕಾಲಿಗೆ ಹುಯ್ದುಕೊಳ್ಳಲು ಬೇರೆ ಬಕೆಟ್ಟು. ಯಾವನಾದರೂ ಹುಡುಗ ಕುಂಟುತ್ತ ಬಂದರೆ ಕೂರಿಸಿ, ಅವನ ಅಂಗಾಲು ತಿರುಗಿಸಿ ನೋಡಿ, ಹರಳೆಣ್ಣೆ ಸವರಿ ಕಳಿಸುತ್ತಾಳೆ. ಬೆಟ್ಟದಲ್ಲೂ ಇಂಥ ಸೇವೆಗಳಿವೆ: ರಜ ಹೊಡೆಯುವ ಸೇವೆಯೆಂದರೆ ಭಕ್ತರು ಕಸಬರಿಕೆ ಹಿಡಿದು ಗುಡಿಯ ಸುತ್ತ ದೂಳು ಗುಡಿಸುವುದು. ಅದಕ್ಕೆ ಗಟ್ಟಿ ಮಂಡಿ ಬೇಕಿಲ್ಲ. ಅವ್ವ ಬಸ್ಸಿನಲ್ಲಿ ಹೋಗಿ ಗುಡಿಸಿ ಬರುತ್ತಾಳೆ. ಅವಳು ಕೊಟ್ಟ ಮಜ್ಜಿಗೆ ಕುಡಿದು ತಾಳುಬೆಟ್ಟ ಹತ್ತಿದ ಹುಡುಗನ ನಡಿಗೆಯಲ್ಲಿ ಅವಳ ಪಾಲೂ ಇದೆ. ಚಿಕ್ಕಪ್ಪನಿಗೆ ಇದನ್ನು ಹೇಳಿದೆ. ಅವರು ತಲೆಯಾಡಿಸಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ಇಷ್ಟು ಹೇಳಿದ ಮೇಲೆ ಹುಲಿಯ ವಿಷಯ ಬಿಡಲಾರೆ. ಮಾದಪ್ಪ ಹುಲಿಯೇರಿದ ದೇವರು. 2023ರ ಮಾರ್ಚಿನಲ್ಲಿ ಬೆಟ್ಟದಲ್ಲಿ ಉದ್ಘಾಟನೆಯಾದ 108 ಅಡಿಯ ಪ್ರತಿಮೆಯೂ ಹುಲಿಯ ಮೇಲೆ ಕೂತಿದೆ. ಅದೇ ಮಲೆಯ ಹೂಗ್ಯಂ ವಲಯದಲ್ಲಿ 2025ರ ಜೂನ್ 26ರಂದು ಒಂದು ತಾಯಿಹುಲಿ, ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹಸುವಿನ ಕಳೇಬರಕ್ಕೆ ವಿಷ ಬೆರೆಸಿದ್ದರು. ಹಟ್ಟಿಯಲ್ಲಿ ಸಾಕಿದ ಜೀವವೊಂದು ಹೋದರೆ ಹೊಟ್ಟೆ ಹೇಗೆ ಉರಿಯುತ್ತದೆಂದು ಕುರಿ ಸಾಕುವ ನನಗೆ ಗೊತ್ತು. ಆದರೂ ಆ ಸುದ್ದಿ ಓದಿದ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ದೇವರ ಜೊತೆ ನಡೆಯುತ್ತೇವೆ ಎನ್ನುವವರು ಅವನ ಜೊತೆಗಿರುವ ಜೀವಗಳನ್ನೂ, ಹಸು ಕಳೆದುಕೊಂಡವನ ಹೊಟ್ಟೆಯನ್ನೂ ಒಟ್ಟಿಗೇ ನೋಡಬೇಕು. ಪರಿಹಾರದ ಹಣ ತಡವಿಲ್ಲದೆ ಅವನ ಕೈಸೇರಬೇಕೆಂದು ಕೇಳುವುದೂ ನನ್ನ ಪಾಲಿಗೆ ಭಕ್ತಿಯೇ.

ರಸ್ತೆಯ ಮಾತೂ ಅಷ್ಟೆ. 2024ರ ಲೋಕಸಭಾ ಚುನಾವಣೆಯಲ್ಲಿ ರಸ್ತೆ, ನೀರು ಮುಂತಾದ ಸೌಕರ್ಯವಿಲ್ಲವೆಂದು ಇಂಡಿಗನತ್ತದಲ್ಲಿ ಮತದಾನ ಬಹಿಷ್ಕಾರದ ಗಲಾಟೆಯಾಗಿ, ಮತಗಟ್ಟೆ ಧ್ವಂಸವಾಗಿ, ಕೊನೆಗೆ ಮರುಮತದಾನ ನಡೆಯಿತು. ನಾಗಮಲೆಯ ದಾರಿ ಹೀಗೇ ಕಾಡುದಾರಿಯಾಗಿರಲಿ ಎಂದು ನಮ್ಮ ಪರಸೆಯವರು ಎಷ್ಟೋ ಮಂದಿ ಬಯಸುತ್ತಾರೆ, ನಾನೂ ಬಯಸುತ್ತೇನೆ. ಆದರೆ ಇಂಡಿಗನತ್ತದವರೆಗೆ ಆಂಬ್ಯುಲೆನ್ಸ್ ಹೋಗುವಷ್ಟು ಒಳ್ಳೆಯ ದಾರಿ ಆಗಬೇಕು. ಅಲ್ಲಿಂದ ಮುಂದೆ, ಬಂಡೆಯ ಬುಡದಿಂದ ತುದಿಯವರೆಗೆ, ಮೆಟ್ಟಿಲೂ ಬೇಡ, ಕಂಬಿಯೂ ಬೇಡ. ಮುಂದಿನ ಉಗಾದಿಗೆ ಹೊರಡುವ ಮುಂಚೆ ನಮ್ಮೂರಿನ ಪರಸೆಯವರೆಲ್ಲ ಸಹಿ ಹಾಕಿ ಈ ಬೇಡಿಕೆಯನ್ನು ಹನೂರಿನ ತಹಶೀಲ್ದಾರರಿಗೆ ಕೊಟ್ಟು ಹೋಗೋಣವೆಂದು ಹೇಳಿದ್ದೇನೆ. ಅವ್ವ ಆಗಲೇ ಸಹಿ ಹಾಕಿದ್ದಾಳೆ. ಚಿಕ್ಕಪ್ಪ ಅರ್ಜಿಯನ್ನು ಇನ್ನೊಂದು ಸಲ ಓದಿ ಹೇಳು ಎಂದಿದ್ದಾರೆ.