ನಷ್ಟ ಯಾರದೋ ಮಾತೂ ಅವರದೇ

ಸಿಂದಗಿ ತಾಲೂಕಿನ ಹಳ್ಳಿಯೊಂದರ ಸೊಸೆಯನ್ನು ಊಹಿಸಿಕೊಳ್ಳಿ. ಗಂಡ ದುಡಿಯಲು ಪುಣೆಗೆ ಹೋಗಿದ್ದಾನೆ. ತಿಂಗಳುಗಳಿಂದ ಅವಳಿಗೆ ನಿದ್ದೆಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ. ಧೈರ್ಯ ಮಾಡಿ ಆಪ್ತಸಮಾಲೋಚಕರ ಮುಂದೆ ಬಂದು ಕೂತಿದ್ದಾಳೆ. ಅವರು ಕಲಿತವರು, ಒಳ್ಳೆಯವರು. "ದಿನಾ ಸಂಜೀಕ ಒಂದ್ ತಾಸು ಅಡ್ಡಾಡಿ ಬರ್ರಿ" ಎನ್ನುತ್ತಾರೆ. "ಆತ್ರೀ ಸರ, ನೀವು ಹೆಂಗ ಹೇಳ್ತೀರಿ ಹಂಗ" ಎಂದು ತಲೆಯಾಡಿಸಿ ಹೋದವಳು ಮತ್ತೆ ಬರುವುದಿಲ್ಲ.

ಸಲಹೆ ತಪ್ಪೇನಲ್ಲ. ಕುಗ್ಗಿದ ಮನಸ್ಸಿಗೆ ಮೈ ಚಟುವಟಿಕೆ ನೆರವಾಗುತ್ತದೆ. ಆದರೆ ಅವಳ ಓಣಿಯಲ್ಲಿ ಸೊಸೆ ಸಂಜೆ ಒಬ್ಬಳೇ ಹೊರಟರೆ ಹತ್ತು ಬಾಯಿ ಮಾತಾಡುತ್ತವೆ. ಕೇಳಿದ್ದರೆ ಅವಳೇ ದಾರಿ ತೋರಿಸುತ್ತಿದ್ದಳು: "ಹೊಲಕ್ಕ ಬುತ್ತಿ ಒಯ್ಯೂವಾಗ ಒಬ್ಬಾಕೀನೇ ಇರ್ತೀನ್ರಿ. ಆವಾಗ ಒಂದೀಟು ದೂರದ ದಾರಿ ಹಿಡದ್ರ ನಡೀತೈತೇನ್ರಿ?" ಯಾರೂ ಕೇಳಲಿಲ್ಲ.

ಮನೋಚಿಕಿತ್ಸೆಯಲ್ಲಿ ಇಬ್ಬರೂ ಪಾಲುದಾರರು ಎಂಬ ಮಾತು ಹೊಸದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಈ ಸಂಬಂಧದ ಮೂರು ಎಳೆಗಳನ್ನು ಬಿಡಿಸಿಟ್ಟರು: ಗುರಿಯ ಬಗ್ಗೆ ಒಪ್ಪಿಗೆ, ಅದಕ್ಕಾಗಿ ಮಾಡಬೇಕಾದ ಕೆಲಸದ ಬಗ್ಗೆ ಒಪ್ಪಿಗೆ, ಇಬ್ಬರ ನಡುವಿನ ನಂಟು. ನಮ್ಮ ಸೊಸೆಯ ವಿಷಯದಲ್ಲಿ ಕಡಿದದ್ದು ಎರಡನೆಯ ಎಳೆ. ಅವಳು ತಲೆಯಾಡಿಸಿದ್ದಳು, ಒಪ್ಪಿರಲಿಲ್ಲ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಭಾರತದ ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲಿಯೇ, ನಮ್ಮವರಿಗೆ ಗುರು-ಶಿಷ್ಯ ಸಂಬಂಧವೇ ಚಿಕಿತ್ಸೆಗೆ ಮಾದರಿಯಾಗಬಹುದಲ್ಲವೇ ಎಂದು ಕೇಳಿದ್ದರು. ದಣಿದು ಬಂದವರಿಗೆ ಬೇಕಿರುವುದು ಚರ್ಚೆಯಲ್ಲ, ಆಸರೆ. "ನನಗ ತಿಳಿಯೂಹಂಗಿದ್ರ ನಿಮ್ಮ ಕಡೆ ಯಾಕ ಬರ್ತಿದ್ನಿ?" ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ಬೇಡವೆಂದವರ ಮೇಲೆ ಸಮಾನತೆಯನ್ನು ಹೇರುವುದೂ ಒಂದು ದಬ್ಬಾಳಿಕೆಯೇ.

ನನಗೆ ಉತ್ತರ ಕಾಣುವುದು 'ಪಾಲು' ಎಂಬ ಪದದಲ್ಲೇ. ಇಂಡಿ, ಮುದ್ದೇಬಿಹಾಳದ ರೈತರಿಗೆ ಪಾಲಿಗೆ ಹೊಲ ಮಾಡುವುದು ಗೊತ್ತು. ಒಬ್ಬರದು ಭೂಮಿ, ಇನ್ನೊಬ್ಬರದು ದುಡಿಮೆ. ಅವರು ಸಮಾನರಲ್ಲ, ಆದರೂ ಮಳೆ ಕೈಕೊಟ್ಟರೆ ಇಬ್ಬರಿಗೂ ಪೆಟ್ಟು. ಚಿಕಿತ್ಸೆಯಲ್ಲಿ ಹಾಗಿಲ್ಲ. ಸಲಹೆ ಫಲಿಸದಿದ್ದರೆ ಸಮಾಲೋಚಕರು ಮುಂದಿನವರನ್ನು ಒಳಗೆ ಕರೆಯುತ್ತಾರೆ. ಸೊಸೆ ಅದೇ ಮನೆಗೆ, ನಿದ್ದೆಯಿಲ್ಲದ ಅದೇ ರಾತ್ರಿಗೆ ಮರಳುತ್ತಾಳೆ. ಆದ್ದರಿಂದ ಪಾಲುದಾರಿಕೆ ಎಂದರೆ ಇಬ್ಬರಿಗೂ ಸಮನಾದ ತಿಳಿವಳಿಕೆ ಇದೆಯೆಂದಲ್ಲ. ನಷ್ಟ ಹೆಚ್ಚು ಯಾರದೋ, ಕೊನೆಯ ಮಾತೂ ಅವರದೇ ಎಂದು. ಗುರುವಾಗಿ ಕಂಡರೂ ಅಡ್ಡಿಯಿಲ್ಲ, ಆದರೆ ಆ ಗುರುವಿಗೆ ಕೇಳುವುದು ಬರಬೇಕು.

ಮುಖ್ಯವಾಗಿ, 'ಒಲ್ಲೆ' ಎನ್ನಲು ಜಾಗವಿರಬೇಕು. ಹಿರಿಯರ ಎದುರು ಜನಿವಾರ ಬೇಡವೆಂದ ಬಾಲಕನನ್ನು ಇಂದಿಗೂ ನೆನೆಯುವ ಬಸವನ ಬಾಗೇವಾಡಿಯ ನೆಲದಲ್ಲೂ, ಡಾಕ್ಟರ ಎದುರು 'ಇದು ನನಗಾಗೂದಿಲ್ರಿ' ಎನ್ನುವುದು ಸುಲಭವಲ್ಲ. ಹಾಗೆ ಹೇಳುವ ಧೈರ್ಯ ಬಂದವರೇ ಬರಲಿ ಎಂದು ಕಾಯುವಂತಿಲ್ಲ. ಅಧಿಕಾರ ಯಾರ ಕೈಯಲ್ಲಿದೆಯೋ ಅವರೇ ಬಾಗಿಲು ತೆರೆಯಬೇಕು.

ನಿರ್ಧರಿಸುವ ಶಕ್ತಿಯೇ ಕುಸಿದಿರುವಾಗ? ಆಗ ಬೇರೆಯವರು ಕೈಹಿಡಿಯಲೇಬೇಕು. ಅಲ್ಲಿಯೂ ದನಿ ಪೂರ್ತಿ ಅಡಗಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಮುಂದೆ ಕಾಯಿಲೆ ಬಂದರೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂಬುದನ್ನು ಮೊದಲೇ ಬರೆದಿಡಬಹುದು. ತನ್ನ ಪರವಾಗಿ ಮಾತಾಡುವವರನ್ನು ಹೆಸರಿಸಬಹುದು.

ಸಮಯವೆಲ್ಲಿದೆ ಎನ್ನಬಹುದು. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ 'ಮನೋಚೈತನ್ಯ' ಕಾರ್ಯಕ್ರಮ ರಾಜ್ಯದಲ್ಲಿದೆ. ಅಂಥ ದಿನ ಹೊರಗೆ ಸಾಲು ಕಾದಿರುವಾಗ ದೀರ್ಘ ಮಾತುಕತೆ ಆಗದಿರಬಹುದು. ಆದರೆ "ಇದು ನಿಮ್ಮ ಮನ್ಯಾಗ ನಡೀತೈತೇನವ್ವ?" ಎಂದು ಕೇಳಲು ಅರೆನಿಮಿಷ ಸಾಕು. ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು, ಅಷ್ಟೆ.