ಚಾಪೆ ಒಯ್ಯಬೇಕೇ?

ಆಗಸ್ಟ್ ತಿಂಗಳು ಬಂತೆಂದರೆ ಬೆಂಗಳೂರಿನ ಅನೇಕ ಕ್ರೈಸ್ತ ಮನೆಗಳಲ್ಲಿ ವೇಳಾಂಗಣಿಯದೇ ಮಾತು. ಆಗಸ್ಟ್ 29ಕ್ಕೆ ಅಲ್ಲಿ ಧ್ವಜಾರೋಹಣ, ಸೆಪ್ಟೆಂಬರ್ 8ಕ್ಕೆ ಮಾತೆಯ ಜನನೋತ್ಸವ. ದಾರಿ ಸುಮಾರು 400 ಕಿಲೋಮೀಟರ್. ದಿನಕ್ಕೆ 30 ಕಿಲೋಮೀಟರ್ ನಡೆದರೂ ಎರಡು ವಾರ ಬೇಕು. ಹೊರಡುವ ಹಿಂದಿನ ರಾತ್ರಿ ತಾಯಿ ಚಾಪೆ ಸುತ್ತಿ ಚೀಲಕ್ಕೆ ಕಟ್ಟುತ್ತಾರೆ; ಮಗ ಅದನ್ನು ಬಿಚ್ಚಿ ಮೂಲೆಗೆ ನಿಲ್ಲಿಸುತ್ತಾನೆ. “ಮಾತೆಯನ್ನು ನಂಬಿ ಹೊರಟವನಿಗೆ ಚಾಪೆ ಯಾಕಮ್ಮ?” ಇಂಥ ಮಾತು ನಿಮ್ಮ ಮನೆಯಲ್ಲೂ ನಡೆದಿರಬಹುದು.

ಮಗನ ಮಾತನ್ನು ಹುಡುಗಾಟವೆಂದು ತಳ್ಳಿಹಾಕಬೇಡಿ. ಅವನ ಬೆನ್ನಿಗೆ ಶುಭಸಂದೇಶವೇ ಇದೆ. ಪ್ರೇಷಿತರನ್ನು ಕಳುಹಿಸುವಾಗ ಪ್ರಭು ಅವರ ಕೈಯಿಂದ ಬುತ್ತಿ, ಚೀಲ, ಹಣ ಎಲ್ಲವನ್ನೂ ಬಿಡಿಸಿದರು. ಮಾರ್ಕನು ಊರುಗೋಲಿಗೆ ಅನುಮತಿ ಇತ್ತೆನ್ನುತ್ತಾನೆ, ಲೂಕನು ಅದೂ ಇಲ್ಲವೆನ್ನುತ್ತಾನೆ. ಏನು ಹೊರಬೇಕು, ಏನು ಬಿಡಬೇಕು ಎಂಬ ಪ್ರಶ್ನೆ ಎಷ್ಟು ಹಳೆಯದು ನೋಡಿ! ಆದಿಕಾಂಡದ ಯಕೋಬನಿಗೂ ದಾರಿಯಲ್ಲಿ ಸಿಕ್ಕಿದ್ದು ಒಂದು ಕಲ್ಲಿನ ದಿಂಬು. ಆ ರಾತ್ರಿಯೇ ಅವನಿಗೆ ಸ್ವರ್ಗದ ಏಣಿಯ ದರ್ಶನವಾಯಿತು.

ಆದರೆ ಅದೇ ಶುಭಸಂದೇಶವನ್ನು ಮುಂದಕ್ಕೆ ಓದಿ. ಕೈಬೀಸಿ ಹೋದ ಶಿಷ್ಯರು ಬಯಲಲ್ಲಿ ಮಲಗಲಿಲ್ಲ; ಯಾರದೋ ಮನೆಯಲ್ಲಿ ಉಳಿಯಬೇಕೆಂಬುದೇ ಅವರಿಗಿದ್ದ ಅಪ್ಪಣೆ. ಅಂದರೆ ಅವರು ಹೊರದ ಚಾಪೆಯನ್ನು ಆ ಮನೆಯ ಗೃಹಿಣಿ ಹಾಸಿರಬೇಕು. ಸಂತೋಷದಿಂದ ಹಾಸಿದ್ದರೆ ಅದು ಅವಳಿಗೂ ಪುಣ್ಯ. ಕೊನೆಯ ಭೋಜನದ ರಾತ್ರಿ ಪ್ರಭುವೇ ಆ ಅಪ್ಪಣೆಯನ್ನು ಬದಲಿಸಿ, ಚೀಲ ಇದ್ದವನು ತೆಗೆದುಕೊಳ್ಳಲಿ ಎಂದರೆಂದು ಲೂಕನು 22ನೇ ಅಧ್ಯಾಯದಲ್ಲಿ ಬರೆಯುತ್ತಾನೆ.

ಈಗ ನಮ್ಮ ದಾರಿಗೆ ಬನ್ನಿ. ಸಂಜೆ ತಂಡವು ಒಂದು ದೇವಾಲಯದ ಜಗಲಿಗೋ ಶಾಲೆಯ ಕೊಠಡಿಗೋ ತಲುಪುತ್ತದೆ. ಮಳೆ ಬಿದ್ದು ನೆಲ ತಣ್ಣಗಿದೆ. ಚಾಪೆ ತಾರದ ಯುವಕ ಹನ್ನೊಂದು ಗಂಟೆಯವರೆಗೆ ಹೊರಳಾಡುತ್ತಾನೆ. ಆಮೇಲೆ ಅರವತ್ತು ದಾಟಿದ ಹಿರಿಯರೊಬ್ಬರು “ಬಾ ಮಗಾ, ಇಲ್ಲೇ ಮಲಗು” ಎಂದು ತಮ್ಮ ಚಾಪೆಯಲ್ಲಿ ಅರ್ಧ ಬಿಡುತ್ತಾರೆ. ಅವನ ವಿಶ್ವಾಸಕ್ಕೆ ಬೆಲೆ ತೆತ್ತವರು ಯಾರು? ಆ ಹಿರಿಯರ ಸೊಂಟ.

ಸ್ಪೇನಿನಲ್ಲಿ ಸಂತ ಯಾಕೋಬರ ಸಮಾಧಿಯಿರುವ ಸಾಂತಿಯಾಗೊಗೆ ನಡೆಯುವವರಿಗೂ ಇದೇ ಪ್ರಶ್ನೆ. ಫ್ರಾನ್ಸಿನ ಗಡಿಯೂರಿನಿಂದ ಅದು ಸುಮಾರು 780 ಕಿಲೋಮೀಟರ್. ದಾರಿಯುದ್ದಕ್ಕೂ ಯಾತ್ರಿಕರ ಛತ್ರಗಳಿವೆ, ಮಂಚಗಳಿವೆ. ಆದ್ದರಿಂದ ಹಾಸಿಗೆ ದಂಡದ ಹೊರೆ ಎನ್ನುವವರೇ ಹೆಚ್ಚು. ಆದರೆ ಅಲ್ಲಿನ ಪುರಸಭೆಯ ಛತ್ರಗಳಲ್ಲಿ ಸಾಮಾನ್ಯವಾಗಿ ಮೊದಲು ಬಂದವರಿಗೆ ಮಂಚ, ಮುಂಗಡ ಕಾದಿರಿಸುವಂತಿಲ್ಲ. ಸಂತರ ಹಬ್ಬವಾದ ಜುಲೈ 25 ಭಾನುವಾರ ಬಿದ್ದರೆ ಅದು ಪವಿತ್ರ ವರ್ಷ. 2021ರ ನಂತರದ್ದು 2027. ಅಂಥ ವರ್ಷ ಜನಸಂದಣಿ ಕೇಳಬೇಕೇ! ಕತ್ತಲಿರುವಾಗಲೇ ಎದ್ದು, ಪ್ರಾರ್ಥನೆ ಮರೆತು, ಮಂಚಕ್ಕಾಗಿ ಓಡುವವರಿದ್ದಾರೆ. ಸುತ್ತಿದ ಹಾಸೊಂದು ಬೆನ್ನಿಗಿದ್ದವನು ಓಡಬೇಕಿಲ್ಲ. ತಡವಾಗಿ ಕುಂಟುತ್ತ ಬಂದ ಅಜ್ಜಿಗೆ ತನ್ನ ಮಂಚವನ್ನು ಬಿಟ್ಟುಕೊಡಬಲ್ಲ. ನನಗೆ ಈ ಒಂದು ಕಾರಣವೇ ಸಾಕೆನಿಸುತ್ತದೆ.

ಭಾರದ ಮಾತೂ ನಿಜ. ದೇಹದ ತೂಕದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಹೊರಬಾರದೆಂದು ಅಲ್ಲಿ ಹೇಳುವ ರೂಢಿ. 60 ಕೆ.ಜಿ. ಇರುವವನಿಗೆ 6 ಕೆ.ಜಿ. ಅದರಲ್ಲಿ ತೆಳುವಾದ ಫೋಮ್ ಹಾಸಿಗೆ ಅರ್ಧ ಕಿಲೋ ಜಾಗ ಕೊಟ್ಟರೆ ನಷ್ಟವೇನು? ಮಂಡಿನೋವಿನವರು ಮಾತ್ರ ಲೆಕ್ಕ ಹಾಕಲೇಬೇಕು. ಇನ್ನು ಸಾಮಾನು ಹೊರಲು ತಂಡದ ಹಿಂದೆ ವ್ಯಾನು ಬರುತ್ತಿದ್ದರೂ ಚಾಪೆ ಬೇಡವೆನ್ನುವವರುಂಟು. ಅಲ್ಲಿ ಭಾರದ ಪ್ರಶ್ನೆಯೇ ಇಲ್ಲ. ಬರಿನೆಲದಲ್ಲಿ ಮಲಗಿದೆನೆಂದು ಊರಿಗೆ ಬಂದು ಹೇಳಿಕೊಳ್ಳುವ ಆಸೆ ಎಲ್ಲೋ ಇಣುಕುತ್ತಿರಬಹುದು. ಅದನ್ನು ಅವರವರೇ ಕೇಳಿಕೊಳ್ಳಲಿ.

ಹರಕೆ ಹೊತ್ತು ಬರಿನೆಲದಲ್ಲಿ ಮಲಗುವವರನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಹರಕೆ ನಿಮ್ಮದು, ಪಕ್ಕದವರದಲ್ಲ. ತಾಯಿ ಕಟ್ಟಿದ ಚಾಪೆಯನ್ನು ಒಯ್ಯಿರಿ. ಸಂಜೆ ಅದನ್ನು ಇಲ್ಲದವರಿಗೆ ಹಾಸಿಕೊಟ್ಟು ನೀವು ನೆಲದಲ್ಲಿ ಮಲಗಿ, ಹರಕೆಯೂ ತೀರುತ್ತದೆ. ದಿಂಬು ಬೇಡ, ಮಡಚಿದ ಟವಲು ಸಾಕು.